ಸ್ಮಾರಕದ ಸಿಸ್ಟರಮ್ಮ

ಸಿಸ್ಟರಮ್ಮನಿಗೆ ಸಿಟ್ಟು ಬರಲು ಬೆಳಗಾದರೆ ಸಾಕು. ಯುದ್ಧಸ್ಮಾರಕದ ಕಲ್ಲಿಗೆ ಯಾರಾದರೂ ಬೈಕು ಒರಗಿಸಿದರೆ, "ನಿಮ್ಮನೆ ಗೋಡೆ ಬಿದ್ದುಹೋಯ್ತೇನೋ?" ಎಂದು ಬೀದಿಗೆಲ್ಲ ಕೇಳುವಂತೆ ದಬಾಯಿಸುತ್ತಾಳೆ. ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಂ ತಿನ್ನುವ ಜೋಡಿಗಳು ಅವಳ ಕೊಡೆಯ ತುದಿ ಕಂಡರೇ ಕಾಲಿಗೆ ಬುದ್ಧಿ ಹೇಳುತ್ತವೆ. ಪಕ್ಕದ ಹಳೆಯ ಕಟ್ಟಡ ಒಂದು ಕಾಲಕ್ಕೆ ಸೈನಿಕರ ಆಸ್ಪತ್ರೆ, ಅವಳು ಅಲ್ಲಿ ನರ್ಸು. ಈಗ ಅದು ಹೋಟೆಲು. ಅಲ್ಲಿಗೂ ನುಗ್ಗಿ, "ವಾರ್ಡಿನಲ್ಲಿ ಇದೇನ್ರೀ ಗಲಾಟೆ, ಹಾಡು ನಿಲ್ಲಿಸಿ!" ಎಂದು ಗದರುತ್ತಾಳೆ. ಮಾಲೀಕ ಪುಕ್ಕಟೆ ಕಾಫಿ ಕೊಟ್ಟು ಬಾಯಿ ಮುಚ್ಚಿಸಲು ಹೋದರೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಅವನೂ ರೋಸಿಹೋಗಿ, "ಆ ಕಲ್ಲಿನ ಮೇಲೆ ನಿಮ್ಮೋರ ಹೆಸರು ಒಂದಾದ್ರೂ ಇದೆಯಾ ಅಮ್ಮ?" ಎಂದು ಕೇಳಿಬಿಟ್ಟ. ಸಿಸ್ಟರಮ್ಮ ಮೊದಲ ಬಾರಿಗೆ ದನಿ ತಗ್ಗಿಸಿದಳು. "ಇಲ್ಲಪ್ಪ. ಆದ್ರೆ ಆ ಹೆಸರುಗಳನ್ನೆಲ್ಲ ನಾನು ಕೇಳಿದ್ದು ಇಲ್ಲೇ. ನೀನು ಮೇಜು ಹಾಕಿರೋ ಜಾಗದಲ್ಲಿ ಮಲಗಿದ್ದ ಹುಡುಗರು ಕಣ್ಣು ಬಿಟ್ಟ ಕೂಡಲೇ ತಮ್ಮ ನೋವು ಹೇಳ್ತಿರಲಿಲ್ಲ. ಜೊತೆಯವನ ಹೆಸರು ಹಿಡಿದು, 'ಅವನು ಬದುಕಿದಾನಾ ಸಿಸ್ಟರ್?' ಅಂತ ಕೇಳ್ತಿದ್ರು. 'ಬದುಕಿದಾನೆ ಕಣಪ್ಪ, ನೀನು ಮಲಕ್ಕೋ' ಅಂತಿದ್ದೆ. ಹಾಗೆ ನಾನು ಬದುಕಿಸಿದೋರೆಲ್ಲ ಆ ಕಲ್ಲಿನ ಮೇಲಿದಾರೆ."