ಮೂರನೆಯ ಎಳೆ

ನಾನು ನಿನ್ನಷ್ಟೇ ಚಿಕ್ಕವಳಿದ್ದಾಗ, ಧಾರವಾಡದ ಹತ್ತಿರದ ನಮ್ಮ ಊರಿನಲ್ಲಿ, ಕಾರಹುಣ್ಣಿಮೆಗೆ ಮೊದಲು ಎತ್ತುಗಳಿಗೆ ಹೊಸ ಹಗ್ಗ ಮಾಡುತ್ತಿದ್ದೆವು. ಅಂಗಡಿಯಿಂದ ತರುವುದಲ್ಲ ಮಗಾ, ಮನೆಯಲ್ಲೇ ಹೊಸೆಯುವುದು. ಈ ಪರದೇಶದ ಊರು ಟ್ರುಗನಿನಾದ ನಿಮ್ಮ ಮನೆ ಗರಾಜಿನಲ್ಲಿ ನಿಮ್ಮಪ್ಪ ಟ್ರೇಲರಿಗೆ ಕಟ್ಟುವ ಹಳದಿ ಹಗ್ಗ ಇದೆಯಲ್ಲ, ಸುಮಾರು ಅಷ್ಟೇ ದಪ್ಪ. ಆದರೆ ಅದರ ನುಣುಪು ಎಲ್ಲಿ ಬರಬೇಕು? ಪುಂಡಿ ಗಿಡದ ನಾರು ಅಂಗೈಗೆ ಚುಚ್ಚುತ್ತಿತ್ತು. ನೆನೆಸಿಟ್ಟ ನಾರಿನ ಕೊಳೆತ ವಾಸನೆ ಎರಡು ದಿನ ಸ್ನಾನ ಮಾಡಿದರೂ ಮೈಬಿಟ್ಟು ಹೋಗುತ್ತಿರಲಿಲ್ಲ.

ಅಪ್ಪ ನಾರು ಕೊಡುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದ. ಇನ್ನೊಂದು ತುದಿಯಲ್ಲಿ ಕಟ್ಟಿಗೆಯ ತಿರುಗಣೆ ಹಿಡಿದು ಸುತ್ತುವ ಕೆಲಸ ನನ್ನದು. ಒಂದೊಂದು ಎಳೆಗೂ ಬಲಕ್ಕೆ ನೂರು ಸುತ್ತು. ಹಾಗೆ ಮೂರು ಎಳೆ. ಆಮೇಲೆ ಮೂರನ್ನೂ ಸೇರಿಸಿ ಎಡಕ್ಕೆ ಹೆಣೆದರೆ ಅವು ಒಂದನ್ನೊಂದು ಬಿಗಿಯಾಗಿ ಹಿಡಿದು ಹಗ್ಗವಾಗುತ್ತಿದ್ದವು. ಮೂರಕ್ಕೂ ಸಮನಾದ ಹುರಿ ಇರಬೇಕು. ಒಂದೇ ಒಂದು ಸಡಿಲಾದರೂ ಹಗ್ಗ ಗಾಳಿಯಲ್ಲಿ ತಿರುಚಿಕೊಳ್ಳುತ್ತದೆ, ಎಸೆದ ಕುಣಿಕೆಯ ಬಾಯಿ ಮುಚ್ಚಿಹೋಗುತ್ತದೆ. ಅಪ್ಪ ಇದನ್ನು ಹತ್ತು ಸಲ ಹೇಳಿದ್ದ. ಸುತ್ತು ಎಣಿಸುವುದನ್ನು ನನಗೇ ಬಿಟ್ಟಿದ್ದ.

ಆ ಸಂಜೆ ಮೂರನೆಯ ಎಳೆಗೆ ಬರುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಳಗೆ ಅಕ್ಕ ಶೇಂಗಾ ಹುರಿಯುತ್ತಿದ್ದಳು, ಅದರ ಘಮ ಅಂಗಳದವರೆಗೂ ಬರುತ್ತಿತ್ತು. ಅರವತ್ತಕ್ಕೇ “ನೂರಾತು” ಎಂದು ಕೂಗಿಬಿಟ್ಟೆ. ಅಪ್ಪ ನಂಬಿ ಹೆಣೆದ. ಸುಳ್ಳು ಅಷ್ಟು ಸಲೀಸಾಗಿ ನಡೆದದ್ದಕ್ಕೆ ನಾನು ಭಾರಿ ಜಾಣೆ ಅಂದುಕೊಂಡೆ, ನಾಚಿಕೆಗೆಟ್ಟವಳು.

ಮರುದಿನ ಮಧ್ಯಾಹ್ನ ಮೇಲೆಲ್ಲೋ ಮಳೆ ಹೊಡೆದು ನಮ್ಮ ಹಳ್ಳಕ್ಕೆ ನೀರು ಬಂತು. ಕೆಂದ ಎಂಬ ನಮ್ಮ ಕೆಂಪು ಎತ್ತು ನೀರು ಕುಡಿಯಲು ಇಳಿದಿತ್ತು, ಎರೆಮಣ್ಣಿನ ಕೆಸರಿನಲ್ಲಿ ಕಾಲು ಹೂತುಬಿಟ್ಟಿತ್ತು. ಅಪ್ಪ, ಅಕ್ಕ, ನಾನು ಮೂವರೂ ಓಡಿಹೋದಾಗ ಅದರ ಹೊಟ್ಟೆಯವರೆಗೆ ನೀರು. ಕಂದು ನೀರು ಮುಳ್ಳುಕಂಟಿಗಳನ್ನು ಹೊತ್ತು ತರುತ್ತಿತ್ತು. ಕೆಂದ ಕೂಗಲಿಲ್ಲ, ಕಣ್ಣು ಅಗಲಿಸಿ ನಮ್ಮನ್ನೇ ನೋಡುತ್ತಿತ್ತು.

ಇಳಿದವರೂ ಹೂತುಹೋಗುವಂಥ ಕೆಸರು. ದಡದಿಂದಲೇ ಕೊಂಬಿಗೆ ಕುಣಿಕೆ ಎಸೆದು ಎಳೆಯಬೇಕು, ಬೇರೆ ದಾರಿಯೇ ಇರಲಿಲ್ಲ. ಅಪ್ಪ ಹೊಸ ಹಗ್ಗಕ್ಕೆ ಜೀರುಕುಣಿಕೆ ಹಾಕಿ, ತಲೆಯ ಮೇಲೆ ಎರಡು ಸುತ್ತು ಬೀಸಿ ಎಸೆದ. ಕುಣಿಕೆ ಗಾಳಿಯಲ್ಲೇ ತಿರುಚಿ, ಬಾಯಿ ಮುಚ್ಚಿಕೊಂಡು ನೀರಿಗೆ ಬಿತ್ತು. ಅರವತ್ತಕ್ಕೇ ನಿಲ್ಲಿಸಿದ ಎಳೆ ನನಗೆ ನೆನಪಾಯಿತು. ಆದರೂ ಬಾಯಿ ಬಿಡಲಿಲ್ಲ. ಅಪ್ಪ ಎಳೆದುಕೊಂಡು ಮತ್ತೆ ಎಸೆದ. ಮತ್ತೆ ಹಾಗೆಯೇ ಆಯಿತು. ನೀರು ಕೆಂದನ ಬೆನ್ನಿಗೆ ಬಂದಿತ್ತು.

“ನನ್ನ ಕೈಯಾಗ ಏನೂ ಉಳಿದಿಲ್ಲ. ಹಾಳ ಕೈ,” ಎಂದು ಅಪ್ಪ ತನ್ನನ್ನೇ ಬೈದುಕೊಂಡ.

ಅದನ್ನು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. “ನಿನ್ನ ಕೈಯಲ್ಲಪ್ಪಾ. ಮೂರನೇ ಎಳಿ ನಾ ನೂರು ಸುತ್ತಿಲ್ಲ. ಸುಳ್ಳ ಹೇಳೀನಿ.”

ಅಪ್ಪ ಹೊಸ ಹಗ್ಗವನ್ನು ಕೆಳಗೆ ಎಸೆದ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನಿಗೆ, “ಓಡು, ಬಾವಿ ಹಗ್ಗ ಬಿಚ್ಕೊಂಡ ಬಾ,” ಎಂದ.

ಬಾವಿಯ ಹಗ್ಗ ತೆಂಗಿನ ನಾರಿನದು, ಬಿರುಸು, ನೀರು ಕುಡಿದು ಭಾರ. ಅದು ಸುಮ್ಮನೆ ಮಡಚಿಕೊಳ್ಳುವುದಿಲ್ಲ, ಕುಣಿಕೆ ಮಾಡಿದರೆ ಬಳೆಯ ಹಾಗೆ ಬಾಯಿ ತೆರೆದೇ ಇರುತ್ತದೆ. ಆದರೆ ಅಕ್ಕ ಮನೆಗೆ ಹೋಗಿ ಬರಬೇಕಲ್ಲ. ನೀರು ಕೆಂದನ ಗಂಟಲಿಗೆ ಬಂತು. ಅದು ಮೂಗು ಮೇಲೆತ್ತಿ ಉಸಿರು ಬಿಡುವ ಸದ್ದು ದಡಕ್ಕೆ ಕೇಳಿಸುತ್ತಿತ್ತು. ತಡಿ, ಈಗಲೇ ‘ಡಿಡ್ ಹಿ ಡೈ?’ ಅಂತ ಕೇಳಬೇಡ. ನಾನೂ ಅಲ್ಲಿ ಹಾಗೇ ಕಾಯುತ್ತಾ ನಿಂತಿದ್ದೆ.

ಅಕ್ಕ ಏದುಸಿರು ಬಿಡುತ್ತಾ ಬಂದಳು. ಅಪ್ಪನ ಒಂದೇ ಎಸೆತಕ್ಕೆ ಕುಣಿಕೆ ಎರಡೂ ಕೊಂಬುಗಳ ಮೇಲೆ ಹೋಗಿ ಕೂತಿತು. ಅಪ್ಪ ಜಾಲಿಮರಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿದ, ಮೂವರೂ ಜೋತುಬಿದ್ದು ಎಳೆದೆವು. ಕೆಂದ ದಡಕ್ಕೆ ಬಂತು. ಆದರೆ ಅಷ್ಟು ಹೊತ್ತು ಕೆಸರಿನಲ್ಲಿ ಒದ್ದಾಡಿ ಅದರ ಮುಂಗಾಲು ಕೆಟ್ಟಿತ್ತು, ಮತ್ತೆಂದೂ ನೆಟ್ಟಗಾಗಲಿಲ್ಲ. ಅಪ್ಪ ಕೆಂದನನ್ನು ಮಾರಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಅದು ಕುಂಟುತ್ತಾ ಅಂಗಳ ದಾಟುವಾಗೆಲ್ಲ ನಾನು ಒಳಗೆ ಹೋಗಿಬಿಡುತ್ತಿದ್ದೆ.

ನಿನಗೆ ಇಲ್ಲಿ ಹಗ್ಗವೆಂದರೆ ಪ್ಲಾಸ್ಟಿಕ್ ಕವರಿನಲ್ಲಿ ಬರುವ ಸಾಮಾನು. ಎಷ್ಟು ಭಾರ ತಡೆಯುತ್ತದೆ ಎಂದು ಮೇಲೆ ಬರೆದಿರುತ್ತದೆ, ಎಲ್ಲರೂ ನಂಬುತ್ತೀರಿ. ಮೊನ್ನೆ ಯಾರದೋ ಬರ್ತ್‌ಡೇ ಪಾರ್ಟಿಯಲ್ಲಿ ನೀನು ಕ್ಲೈಂಬಿಂಗ್ ಗೋಡೆಯ ತುದಿಗೆ ಹತ್ತಿ, ಎರಡೂ ಕೈ ಬಿಟ್ಟು, “ಅಜ್ಜಿ, ಲುಕ್ ಅಟ್ ಮಿ” ಎಂದು ಸೊಂಟಕ್ಕೆ ಕಟ್ಟಿದ ಹಗ್ಗದಲ್ಲೇ ಜೋತಾಡಿದೆ. ಉಳಿದವರೆಲ್ಲ ಫೋಟೋ ತೆಗೆದರು. ನಾನು ನಿನ್ನನ್ನು ನೋಡಲೇ ಇಲ್ಲ ಮರಿ, ಹಗ್ಗವನ್ನು ನೋಡುತ್ತಿದ್ದೆ. ಅದನ್ನು ಹೊಸೆದವರು ಯಾರೋ ನನಗೆ ಗೊತ್ತಿಲ್ಲ. ನನ್ನಂಥವಳು ಆಗಿರದಿರಲಿ ಎಂದು ಬೇಡಿಕೊಳ್ಳುತ್ತಲೇ ಇದ್ದೆ, ನೀನು ನೆಲಕ್ಕೆ ಕಾಲಿಡುವವರೆಗೂ.