ಹೊಂಗೆ ಮರದ ಕೆಳಗಿನ ಹಾಜರಿ

ಗಂಗಕ್ಕ ಮೊಬೈಲನ್ನು ಕೈಗೆತ್ತಿಕೊಂಡರೆ ಮೊದಲು ಕಿವಿಯ ಪಕ್ಕಕ್ಕೆ ಹಿಡಿದು ಎರಡು ಸಲ ಅಲ್ಲಾಡಿಸುತ್ತಿದ್ದರು. ಆಮೇಲೇ ಫೋಟೋ ಗೀಟೋ ಎಲ್ಲ. ಹರೆಯದಿಂದ ತೋಟದ ಮನೆಗಳಲ್ಲಿ ಕಾಯಿ ಆರಿಸಿದ ಕೈ ಅದು. ಅಟ್ಟದಿಂದ ಇಳಿಸಿದ ಕಾಯಿಯನ್ನು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿಯಾಗಿದೆ ಎಂದು ಈ ಕಡೆಗೆ. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಮೊಬೈಲನ್ನು ಯಾಕಕ್ಕಾ ಅಲ್ಲಾಡಿಸುತ್ತೀಯ ಎಂದರೆ, “ನೆಟ್‌ವರ್ಕ್ ಬಂದೈತಾ ಅಂತ ನೋಡ್ತೀನಿ ಕಣಪ್ಪ” ಎನ್ನುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಹಾಳಾದ್ದು, ಅವರು ಅಲ್ಲಾಡಿಸಿದಾಗಲೆಲ್ಲ ಸಿಗ್ನಲ್ ಬರುತ್ತಿದ್ದುದೂ ನಿಜವೇ.

ನಾನು ಆಗ ಮಾಯಸಂದ್ರದ ಆಚೆಯ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಕೆಲಸ ಕೇಳಿಕೊಂಡು ಬರುವ ಬಡ ಮನೆಗಳವರಿಗೆ ಉದ್ಯೋಗ ಖಾತ್ರಿಯ ಕೆಲಸ ಕೊಡುವುದು, ಅವರ ಹಾಜರಿ ನೋಡುವುದು ನನ್ನ ಪಾಲಿಗೆ ಬಂದಿತ್ತು. ತೋಟಗಳಲ್ಲಿ ಬದು ಹಾಕಬೇಕು, ಗುಂಡಿ ತೋಡಬೇಕು, ಕಟ್ಟೆಯ ಹೂಳು ಎತ್ತಬೇಕು. ಹನ್ನೆರಡು ಹೆಂಗಸರ ಒಂದು ಗುಂಪಿಗೆ ಗಂಗಕ್ಕ ಮೇಟ್, ಅಂದರೆ ಮುಂದಾಳು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಅವರಿಗೆ ‘ಮಿಷಿನಪ್ಪ’. ಒಂದು ಸಲ ಆಫೀಸಿಗೆ ಬಂದವರು ಎಲ್ಲರೆದುರಿಗೇ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಕಿವಿಗೊಟ್ಟು ಕೇಳಿ, “ನೀರಿನ್ನೂ ಕುಲುಕ್ತೈತೆ. ಇನ್ನೊಂದು ಬ್ಯಾಸ್ಗೆ ಅಟ್ಟದ ಮೇಲಿರ್ಲಿ” ಎಂದು ತೀರ್ಪು ಕೊಟ್ಟು ಹೋಗಿದ್ದರು.

ಅಷ್ಟರಲ್ಲಿ ಮೇಲಿನಿಂದ ಸುಧಾರಣೆ ಬಂತು. ಕಳ್ಳ ಹಾಜರಿ ನಿಲ್ಲಬೇಕು, ಕೆಲಸದ ಜಾಗದಿಂದ ಮೇಟ್ ಮೊಬೈಲಿನಲ್ಲಿ ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಒಂದು ಫೋಟೋ ಕಳಿಸಬೇಕು, ಎರಡರಲ್ಲೂ ಎಲ್ಲರ ಮುಖ ಕಾಣಬೇಕು. ನನಗಂತೂ ಖುಷಿಯೋ ಖುಷಿ. ತೋಟ ತೋಟ ಅಲೆಯದೆ ಫ್ಯಾನಿನ ಕೆಳಗೆ ಕುಳಿತು ಯಾರು ಬಂದರು, ಯಾರು ಬರಲಿಲ್ಲ ಎಂದು ಹೇಳಬಹುದು. ಸತ್ಯವೆಲ್ಲ ಪರದೆಯ ಮೇಲೆ ಬಂದು ಬೀಳುತ್ತದೆ ಎಂದುಕೊಂಡಿದ್ದೆ.

ಗಂಗಕ್ಕನ ಗುಂಪಿನಲ್ಲಿ ರತ್ನ ಎಂಬ ಹುಡುಗಿ ಇದ್ದಳು. ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮನೆಗೆ ಅವಳ ಕೆಲಸವೊಂದೇ ಆಸರೆ. ಮೇಲೆ ಐದು ತಿಂಗಳ ಕೂಸು. ಮೊದಲೆಲ್ಲ ನಡುವೆ ಮನೆಗೆ ಓಡಿಹೋಗಿ ಹಾಲು ಕುಡಿಸಿ ಬಂದು ತನ್ನ ಪಾಲಿನ ಗುಂಡಿ ಮುಗಿಸುತ್ತಿದ್ದಳು. ಫೋಟೋ ಬಂದ ಮೇಲೆ, ಮಗುವಿನ ಹತ್ತಿರ ಓಡಿದರೆ ಮಧ್ಯಾಹ್ನದ ಫೋಟೋಗೆ ಇಲ್ಲ. ಎರಡು ದಿನದ ದುಡಿಮೆ ಹಾಗೇ ಹೋಯಿತು. ಮೂರನೆಯ ದಿನ ಗುದ್ದಲಿ ಒಪ್ಪಿಸಲು ಬಂದಳಂತೆ. ಗಂಗಕ್ಕ ಗುದ್ದಲಿ ಇಸಿದುಕೊಳ್ಳಲಿಲ್ಲ. “ಕೂಸ್ನೂ ಕರ್ಕಂಡು ಬಾ ಕಣೇ. ನೋಡ್ಕಳಕ್ಕೆ ತಿಮ್ಮಕ್ಕ ಅವ್ಳೆ” ಎಂದರು.

ತಿಮ್ಮಕ್ಕ ಗುಂಪಿನ ಹಿರಿಯಳು, ಮಣ್ಣಿನ ಮಂಕರಿ ಎತ್ತಲಾರಳು. ರತ್ನನ ಕೂಸು ಬಂದದ್ದೇ ತಡ, ಉಳಿದವರೂ ತಂತಮ್ಮ ಮಕ್ಕಳನ್ನು ತಂದರು. ಆರು ಮಕ್ಕಳಾದವು. ಅಷ್ಟು ಮಕ್ಕಳಿದ್ದರೆ ನೋಡಿಕೊಳ್ಳುವವಳಿಗೂ ಹಾಜರಿ ಎಂದು ನಿಯಮದಲ್ಲೇ ಇದೆ ಎಂದು ಗಂಗಕ್ಕ ಮೇಟ್‌ಗಳ ತರಬೇತಿಯಲ್ಲಿ ಕೇಳಿಸಿಕೊಂಡಿದ್ದರು. ಅದೇ ತರಬೇತಿಯಲ್ಲಿ ನಾನೂ ಇದ್ದೆ. ಊಟಕ್ಕೆ ಏನಿದೆ ಎಂದು ನೋಡಲು ಎದ್ದು ಹೋಗಿದ್ದೆನೋ ಏನೋ.

ತೋಟದಲ್ಲಿ ಎಲ್ಲಿ ನೋಡಿದರೂ ನೆರಳೇ. ಆದರೂ ಮಕ್ಕಳ ಜೋಲಿ ಕಟ್ಟಿದ್ದು ದೂರದ ಬದುವಿನ ಹೊಂಗೆ ಮರಕ್ಕೆ. “ಇಲ್ಲೇ ತೆಂಗಿನ ಮರಕ್ಕೆ ಕಟ್ಟಬಾರದಿತ್ತೇನಕ್ಕಾ?” ಎಂದು ನಾನು ಫೋನಿನಲ್ಲಿ ಬುದ್ಧಿ ಹೇಳಿದೆ. “ಮೊದ್ಲು ನಿನ್ ತಲೆ ತಂದು ಮರದ ಕೆಳಗೆ ಮಡಗು ಮಿಷಿನಪ್ಪ. ಕಾಯಿ ಬೀಳ್ಲಿಲ್ಲ ಅಂದ್ರೆ ಆಮ್ಯಾಕೆ ಕೂಸಿನ ಮಾತು” ಎಂದು ಫೋನಿಟ್ಟರು.

ತಿಮ್ಮಕ್ಕನೂ ಫೋಟೋದಲ್ಲಿ ಬರಬೇಕಲ್ಲ? ಅದಕ್ಕೆ ಗಂಗಕ್ಕ ಎಲ್ಲರನ್ನೂ ಹೊಂಗೆ ಮರದ ಕೆಳಗೇ ನಿಲ್ಲಿಸಿ ಒತ್ತಿದರು. ಇಲ್ಲಿ ನನ್ನ ಪರದೆಯ ಮೇಲೆ ಬಂದದ್ದು ಏನು? ತಂಪು ನೆರಳು, ಸೆರಗು ಸರಿಮಾಡಿಕೊಂಡು ನಿಂತ ಹೆಂಗಸರು, ಮಕ್ಕಳು, ಜೋಲಿ, ಕಾಲು ಚಾಚಿ ಕುಳಿತ ತಿಮ್ಮಕ್ಕ. ಒಂದು ಗುದ್ದಲಿಯಿಲ್ಲ, ಒಂದು ಗುಂಡಿಯಿಲ್ಲ. ಸಂಪಿಗೆ ಊರಿನ ದೇವಸ್ಥಾನಕ್ಕೆ ಹೊರಟವರು ಬಸ್ಸು ಕಾಯುತ್ತಿದ್ದ ಹಾಗಿತ್ತು. ಜೋಲಿಯ ಕಥೆ ನನಗೆ ಗೊತ್ತೇ ಇತ್ತು, ಫೋನ್ ಮಾಡಿ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. “ಕೆಲಸ ನಡೆದಿಲ್ಲ” ಎಂದು ಬರೆದು ಅಷ್ಟೂ ಜನರ ಹಾಜರಿ ತಿರಸ್ಕರಿಸಿ ಟೀ ಕುಡಿಯಲು ಹೋದೆ.

ಮರುದಿನ ಬೆಳಿಗ್ಗೆ ಗಂಗಕ್ಕ ಆಫೀಸಿಗೆ ಬಂದರು. ಕೂಗಾಡುತ್ತಾರೆ ಎಂದು ನಾನು ಎದೆ ಗಟ್ಟಿಮಾಡಿಕೊಂಡೆ. ಕೂಗಾಡಲಿಲ್ಲ. ಹಿಂದೆ ತಿರುಗಿ “ಬರ್ರೋ” ಎಂದರು. ಆರೂ ಮಕ್ಕಳು ಒಳಗೆ ಬಂದವು. ರತ್ನನ ಕೂಸನ್ನು ನನ್ನ ತೊಡೆಯ ಮೇಲಿಟ್ಟು, “ಮಧ್ಯಾಹ್ನದ ಫೋಟೋವರ್ಗೂ ಒಸಿ ನೋಡ್ಕಳಪ್ಪ. ಹೊಟ್ಟೆ ಹಸ್ಕಂಡು ಅತ್ರೆ ಫೋನ್ ಮಾಡು, ಅದ್ರವ್ವ ಬತ್ತಾಳೆ. ನೀನೆಂಗೂ ಕುಂತ್ಕಂಡೇ ಇರ್ತೀಯಲ್ಲ” ಎಂದು ಹೊರಟೇಬಿಟ್ಟರು.

ಅಯ್ಯೋ ಶಿವನೇ, ಆ ದಿನದ ಪಾಡು ನನಗೇ ಗೊತ್ತು! ಒಂದು ಸೀಲಿನ ಶಾಯಿಯನ್ನು ನೆಕ್ಕಿ ನಾಲಿಗೆ ನೀಲಿ ಮಾಡಿಕೊಂಡಿತು. ಒಂದು ಪ್ರಿಂಟರಿನ ವೈರಿಗೆ ಜೋತುಬಿತ್ತು. ಅವಳಿಜವಳಿ ಎರಡು ಅರ್ಜಿಗಳ ಕಟ್ಟು ಬಿಚ್ಚಿ ಊರೆಲ್ಲ ಹರಡಿದವು. ಇನ್ನೊಂದು ಬಾಗಿಲಾಚೆ ಓಡುವುದೇ ಆಟ ಮಾಡಿಕೊಂಡಿತ್ತು. ಕೂಸು ನನ್ನ ಪ್ಯಾಂಟು ನೆನೆಸಿ ನಕ್ಕಿತು. ಪಿಡಿಒ ಸಾಹೇಬರು ಬಾಗಿಲವರೆಗೆ ಬಂದು, ಒಳಗೊಮ್ಮೆ ನೋಡಿ, “ಮೀಟಿಂಗ್ ಇದೆ ಕಣ್ರೀ” ಎಂದು ಹಿಂದಿರುಗಿ ನೋಡದೆ ನಡೆದರು. ಕಂಪ್ಯೂಟರನ್ನು ಆನ್ ಮಾಡಲೂ ನನಗೆ ಆಗಲಿಲ್ಲ.

ಮಧ್ಯಾಹ್ನ ಗಂಗಕ್ಕ ಬಂದು ಹೊಸ್ತಿಲ ಮೇಲೆ ನಿಂತರು. “ಎಷ್ಟ್ ಕೆಲ್ಸ ಆಯ್ತಪ್ಪ?”

“ಒಂದೂ ಆಗಲಿಲ್ಲಕ್ಕಾ.”

“ಹಂಗಾದ್ರೆ ಬರಿ. ಕೆಲ್ಸ ನಡೆದಿಲ್ಲ ಅಂತ ನಿನ್ ಹೆಸ್ರಿನ್ ಮುಂದೂ ಬರಿ.”

ನನಗೆ ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು. ತಿಮ್ಮಕ್ಕನ ಹಾಜರಿ ಹೋದರೆ ಮಕ್ಕಳು ಮನೆಗೆ, ಮಕ್ಕಳು ಮನೆಗೆ ಹೋದರೆ ರತ್ನನೂ ಮನೆಗೆ. ಒಂದು ಗುಂಡಿ ಒತ್ತಿ ನಾನು ಮಾಡಿದ್ದು ಅದು. ಅವತ್ತೇ ಕೂತು ನಿಯಮ ಹುಡುಕಿ ಓದಿದೆ. ಮೀಟಿಂಗಿನಿಂದ ಪತ್ತೆಯಾದ ಪಿಡಿಒ ಅವರಿಂದ ರುಜು ಹಾಕಿಸಿ, ತಾಲ್ಲೂಕಿನವರಿಗೆ ದಿನಾ ಫೋನ್ ಮಾಡಿ ಪ್ರಾಣ ತಿಂದು, ಹಾಜರಿಯನ್ನು ವಾಪಸು ತರಿಸಿದೆ. ಅಂದಿನಿಂದ ನಮ್ಮ ಪಂಚಾಯಿತಿಯ ಪಟ್ಟಿಯಲ್ಲಿ ‘ಮಕ್ಕಳ ಪಾಲನೆ: ತಿಮ್ಮಕ್ಕ’ ಎಂದು ಬೇರೆ ಸಾಲೇ ಬಂತು. ಅಕ್ಕಪಕ್ಕದ ಪಂಚಾಯಿತಿಯವರು ನಕಲು ಕೇಳಿದಾಗ ನಾನೇ ಕಂಡುಹಿಡಿದವನಂತೆ ಕಳಿಸಿದೆ. ಗಂಗಕ್ಕನಿಗೆ ಅದೂ ಗೊತ್ತಾಗಿ, “ಒಸಿ ಗಡಗಡ ಅಂತೈತೆ ಬುಡು” ಎಂದರು.

ಕೊನೆಯ ಸಲ ಅವರು ಸಿಕ್ಕಿದ್ದು ಮಾಯಸಂದ್ರದ ಬಸ್‌ಸ್ಟಾಂಡಿನಲ್ಲಿ. ಎದೆ ಹಿಡಿದಂಗೆ ಆಗ್ತೈತೆ, ಡಾಕ್ಟ್ರಿಗೆ ತೋರಿಸಿಕೊಂಡು ಬತ್ತೀನಿ ಎಂದರು. ನಾನು ತಲೆ ಬಗ್ಗಿಸಿ, “ನೋಡಕ್ಕಾ, ಕೊಬ್ಬರಿ ಆಯ್ತಾ?” ಎಂದೆ. ಕೈ ಎತ್ತಿದರು, ಅಷ್ಟರಲ್ಲಿ ಬಸ್ಸು ಬಂತು. “ಬಂದ್ಮೇಲೆ ನೋಡ್ತೀನಿ ಬುಡು” ಎಂದು ಹತ್ತಿದರು. ಬರಲಿಲ್ಲ.

ತಿಥಿ ಮುಗಿದ ಮೇಲೆ ಪಟ್ಟಿಯಿಂದ ಅವರ ಹೆಸರು ತೆಗೆಯುವ ಕೆಲಸವೂ ನನಗೇ ಬಂತು. ಕಾರಣ ಆರಿಸು ಎಂದಿತು ಕಂಪ್ಯೂಟರ್. ಮೊದಲನೆಯ ಕಾರಣ, ‘ಕೆಲಸ ಮಾಡಲು ಇಷ್ಟವಿಲ್ಲ’. ನಿನ್ನ ಬಾಯಿಗೆ ಮಣ್ಣು ಹಾಕ, ಗಂಗಕ್ಕನಿಗಾ? ಕಣ್ಣು ಮಂಜಾಗಿ ಕೆಳಗಿನ ‘ಮರಣ’ ಎಂಬ ಸಾಲು ಹುಡುಕಲು ಹೊತ್ತು ಹಿಡಿಯಿತು.

ಅಷ್ಟರಲ್ಲಿ ಮಧ್ಯಾಹ್ನದ ಫೋಟೋ ಬಂತು. ಈಗ ರತ್ನನೇ ಮೇಟ್. ಒಬ್ಬರ ಕೈಯಲ್ಲೂ ಗುದ್ದಲಿಯಿಲ್ಲ. ಹೊಂಗೆ ಮರ, ಜೋಲಿ, ಮಕ್ಕಳು, ಕಾಲು ಚಾಚಿ ಕುಳಿತ ತಿಮ್ಮಕ್ಕ. ಎಲ್ಲರಿಗೂ ಹಾಜರಿ ಹಾಕಿದೆ, ಮೊದಲು ತಿಮ್ಮಕ್ಕನಿಗೆ.