ಹೊಕ್ಕಳ ಸುತ್ತ ಇಂಗು

ಇವತ್ತು ಬೆಳಿಗ್ಗೆ ಹೊಸ ಇಂಗಿನ ಡಬ್ಬಿ ತಂದೆ. ಸೀಲು ಇನ್ನೂ ಕಿತ್ತಿರಲಿಲ್ಲ, ಆಗಲೇ ಎದುರು ಮನೆಯವರು ಬಾಗಿಲಿಗೆ ಬಂದು, "ಏನ್ರೀ, ಬ್ಯಾಳಿಗಿ ವಗ್ಗರಣಿ ಜೋರ ಅದ?" ಎಂದು ಕೇಳಿ ಹೋದರು. ಇಂಗಿಗೆ ಗುಟ್ಟು ಎಂಬುದೇ ಗೊತ್ತಿಲ್ಲ. ನಾನೋ, ಜ್ವರ ಬಂದರೂ ಇಳಿದ ಮೇಲೆ ಹೇಳುವವಳು. ನಮ್ಮಿಬ್ಬರಿಗೆ ಹೊಂದುವುದು ಕಷ್ಟವೆಂದು ನೀವೇ ಊಹಿಸಬಹುದು.

ಸುರಪುರದ ನಮ್ಮ ದೊಡ್ಡವ್ವನಿಗೆ ಮಾತ್ರ ಇಂಗೆಂದರೆ ಮನೆಯ ಹಿರಿಯರಿದ್ದಂತೆ. ಬೇಳೆಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ ಎಲ್ಲರೂ ಹಾಕುತ್ತಾರೆ. ಹೊಟ್ಟೆನೋವಿಗೆ ಅಳುವ ಕೂಸಿನ ಹೊಕ್ಕಳ ಸುತ್ತ ಇಂಗು ತೇದು ಹಚ್ಚುವುದೂ ನಮ್ಮ ಕಡೆ ಹೊಸದಲ್ಲ. ದೊಡ್ಡವ್ವನ ವಿಶೇಷವೆಂದರೆ, ಆಕೆಯ ಕಣ್ಣಿಗೆ ಯಾರೂ ಕೂಸಿನ ವಯಸ್ಸು ದಾಟುವುದೇ ಇಲ್ಲ. ದೊಡ್ಡಪ್ಪನಿಗೂ ಹಚ್ಚಿದ್ದಾಳೆ. ಒಮ್ಮೆ ಮೇವು ಬಿಟ್ಟ ಎಮ್ಮೆಗೂ ಹಚ್ಚಲು ಹೋಗಿ, ಹೊಕ್ಕಳ ಹುಡುಕುವಷ್ಟರಲ್ಲಿ ಎಮ್ಮೆಯೇ ಹುಷಾರಾಯಿತು.

ಕೆಲವು ವರ್ಷಗಳ ಹಿಂದೆ, ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆಕೆಯ ಮನೆಯಲ್ಲಿದ್ದ ದಿನಗಳವು. ಯಾದಗಿರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಸಂದರ್ಶನವಿತ್ತು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಆದ್ದರಿಂದಲೇ ಯಾರಿಗೂ ಹೇಳಿರಲಿಲ್ಲ. ಅವತ್ತು ಬೆಳಿಗ್ಗೆ ಅಂಜಿಕೆಗೆ ಹೊಟ್ಟೆ ತಿರುಚತೊಡಗಿತು.

"ಹೊಟ್ಟಿ ಹಿಡ್ಕೊಂಡು ಯಾಕ ಕುಂತಿ? ಕಡಿಯಾಕತ್ತದೇನು?" ಎಂದಳು ದೊಡ್ಡವ್ವ.

ಅಂಜಿಕೆ ಎಂದರೆ ಯಾತಕ್ಕೆ ಎಂದು ಕೇಳುತ್ತಾಳೆ. "ಹೂಂ, ಸ್ವಲ್ಪ," ಎಂದೆ.

"ಗ್ಯಾಸ್ ಅದ. ಮಕ್ಕೊ."

ಕೂಸಿಗೆ ಕಡಲೆಕಾಳಿನಷ್ಟು ಸಾಕಾದರೆ ನನಗೆಷ್ಟು ಬೇಕೆಂದು ಮೈಯಳತೆ ನೋಡಿ ಲೆಕ್ಕ ಹಾಕಿದಳು. ನಾನು ಬೇಡವೆನ್ನುವಷ್ಟರಲ್ಲಿ ಅರ್ಧ ಬಟ್ಟಲು ಇಂಗು ನನ್ನ ಹೊಟ್ಟೆಯ ಮೇಲಿತ್ತು.

ಬಸ್ಸು ಶಹಾಪುರ ದಾಟುವ ಹೊತ್ತಿಗೆ ಬಿಸಿಲೇರಿತು. ಬೆವರಿಗೆ ಇಂಗು ಅರಳಿತು.

"ಉಪ್ಪಿನಕಾಯಿ ಭರಣಿ ಯಾರದ್ರೀ? ಮುಚ್ಚಳ ಬಿಗಿ ಮಾಡ್ರಿ!" ಎಂದ ಕಂಡಕ್ಟರ್. ಎಲ್ಲರ ಜೊತೆ ನಾನೂ ಸೀಟಿನ ಕೆಳಗೆ ಬಗ್ಗಿ ನೋಡಿದೆ.

ಸಂದರ್ಶನದ ಕೋಣೆಯಲ್ಲಿ ಪ್ರಾಂಶುಪಾಲರು ಮತ್ತು ಇತಿಹಾಸದ ಮೇಡಂ ಕೂತಿದ್ದರು. ಫ್ಯಾನು ಸರಿಯಾಗಿ ನನ್ನ ತಲೆಯ ಮೇಲೆ ತಿರುಗುತ್ತಿತ್ತು. ಪ್ರಾಂಶುಪಾಲರು ಮೊದಲ ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿ ಮೂಗರಳಿಸಿದರು.

"ಮೇಡಂ, ಎಲ್ಲೋ ಇಂಗಿನ ವಗ್ಗರಣಿ ಬಿದ್ದದ. ಹೊಟ್ಟಿ ಹಸಿಯಾಕತ್ತದ."

"ನಮ್ಮಲ್ಲಿ ಕ್ಯಾಂಟೀನೇ ಇಲ್ಲಲ್ರೀ ಸರ್?" ಎಂದರು ಮೇಡಂ.

"ಹೌದಲ್ಲ. ಅಂದಂಗ ಈ ಇಂಗು ನೆಲದಾಗ ಸಿಗೋ ಕಲ್ಲು ಹೌದಿಲ್ರಿ?"

"ಎಲ್ಲೀದು ಸರ್, ಅದು ಮರದ ತೊಗಟಿ. ಹೈದರಾಬಾದ್ ಕಡಿಂದ ಬರ್ತದ."

ಇಬ್ಬರೂ ಪಟ್ಟು ಹಿಡಿದರು. ನಾನು ಸುಮ್ಮನಿರಬಹುದಿತ್ತು. ಆದರೆ ತಪ್ಪು ಉತ್ತರ ಕೇಳಿ ಸುಮ್ಮನಿರುವುದು ನನಗೆ ಗುಟ್ಟು ಬಿಡುವುದಕ್ಕಿಂತ ಕಷ್ಟ. "ಎರಡೂ ಅಲ್ರೀ," ಎಂದೆ. ಅದು ಕೊತ್ತಂಬರಿಯ ಬಳಗದ್ದೇ ಒಂದು ಗಿಡ. ಇರಾನ್, ಅಫ್ಘಾನಿಸ್ತಾನದ ಒಣ ಬೆಟ್ಟಗಳಲ್ಲಿ ಬೆಳೆಯುತ್ತದೆ. ಬೇರು ಕೊಯ್ದಾಗ ಹಾಲಿನಂತೆ ಸೋರುವ ಅಂಟು ಒಣಗಿದರೆ ಇಂಗು. ಅಂಗಡಿಯದಕ್ಕೆ ಹಿಟ್ಟು ಬೆರೆಸಿರುತ್ತಾರೆ, ಇಲ್ಲವಾದರೆ ಯಾರೂ ತಾಳಲಾರರು ಎಂದು ಒಂದೇ ಉಸಿರಿಗೆ ಹೇಳಿದೆ.

"ಭಾಳ ಚಲೋ ಹೇಳಿದ್ರಿ," ಎಂದರು ಪ್ರಾಂಶುಪಾಲರು. "ಆದ್ರ ಈ ವಾಸನಿ ಎಲ್ಲಿಂದ ಬರಾಕತ್ತದ, ಅದು ಹೇಳ್ರಿ ನೋಡೂನು."

ಹೇಳಿದರೆ ಕೆಲಸ ಹೋಯಿತು ಅನಿಸಿತು. ಆದರೆ ಸಂದರ್ಶನದಲ್ಲಿ ಗೊತ್ತಿರುವ ಉತ್ತರ ಬಿಡುವುದು ಹೇಗೆ?

"ನನ್ನ ಹೊಕ್ಕಳದಿಂದ್ರೀ, ಸರ್."

ಪ್ರಾಂಶುಪಾಲರು ಎದ್ದು ಹೋಗಿ ಫ್ಯಾನು ಆರಿಸಿದರು. ಆಮೇಲೆ ಮೇಡಂ ಮೆಲ್ಲಗೆ, "ಹೊಟ್ಟಿ ಕಡಿತದೇನವಾ?" ಎಂದರು.

"ಇಲ್ರೀ ಮೇಡಂ. ಅಂಜಿಕಿ."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಅಪರಿಚಿತರಿಗೆ. ಮೂವರೂ ನಕ್ಕೆವು. ಪ್ರಾಂಶುಪಾಲರು ಕಣ್ಣೊರೆಸಿಕೊಂಡು, "ಸೋಮವಾರದಿಂದ ಬರ್ರಿ. ಬರೋಮುಂದ ಜಳಕಾ ಮಾಡ್ಕೊಂಡು ಬರ್ರಿ," ಎಂದರು.

ಸಂಜೆ ದೊಡ್ಡವ್ವನಿಗೆ ಎಲ್ಲ ಹೇಳಲೇಬೇಕಾಯಿತು. ಕೆಲಸ ಸಿಕ್ಕ ಮಾತು ಆಕೆಯ ಕಿವಿಗೇ ಬೀಳಲಿಲ್ಲ.

"ಅಂಜಿಕಿಗೆ ಯಾರರ ಇಂಗು ಹಚ್ತಾರೇನ ಹುಚ್ಚಿ? ಮೊದಲೇ ಹೇಳಿದ್ರ ನಿನ್ನ ಸಂಗಾಟ ನಾನೂ ಬರ್ತಿದ್ನಲ್ಲ!"

ಈಗ, ಇಷ್ಟು ವರ್ಷಗಳ ಮೇಲೆ, ನಾಳೆ ನನಗೆ ಇನ್ನೊಂದು ಸಂದರ್ಶನವಿದೆ, ಕಾಯಂ ಹುದ್ದೆಗೆ. ಹೊಟ್ಟೆ ನಿನ್ನೆಯಿಂದಲೇ ತಿರುಚುತ್ತಿದೆ. ಡಬ್ಬಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಹೊರಗೆ ಬಂದು ಸುರಪುರಕ್ಕೆ ಫೋನ್ ಮಾಡಿದೆ.

"ದೊಡ್ಡವ್ವ, ನಂಗ ಅಂಜಿಕಿ ಆಗ್ಯದ."

ಯಾತಕ್ಕೆ ಎಂದು ಆಕೆ ಕೇಳಲೇ ಇಲ್ಲ.

"ಯಾವ ಬಸ್ಸಿಗೆ ಬರ್ಲಿ?" ಎಂದಳು.